ಕಲ್ಲಗೋನಾಳದ ಮೇಲೆ ಬಿದ್ದ ಸದ್ದು

ಶರವೇಗ ಕಂಪನಿಯ ವಿಮಾನ ಮೊದಲ ಸಲ ಬೆಂಗಳೂರಿನಿಂದ ಲಂಡನ್ನಿಗೆ ಹಾರಿದ ದಿನ ಪುಟ್ಟಮಾದಪ್ಪನವರು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಮೂವತ್ತೈದು ವರ್ಷ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರಾಗಿ ದುಡಿದು ನಿವೃತ್ತರಾದ ಮನುಷ್ಯ. ಶಬ್ದಕ್ಕಿಂತ ವೇಗವಾಗಿ ಜನರನ್ನು ಹೊತ್ತೊಯ್ಯುವ ವಿಮಾನ ತಮ್ಮ ಊರಿನಿಂದ ಏಳುವುದನ್ನು ಕಣ್ಣಾರೆ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಅದರ ಮೇಲೆ, ಆ ಕಂಪನಿಯ ಶಬ್ದ ವಿಭಾಗದಲ್ಲಿ ಅವರ ಮಗಳು ನೀಲಾಂಬಿಕೆಯೇ ಇಂಜಿನಿಯರು.

"ಕಾಂಕಾರ್ಡ್ ವಿಮಾನ ಇಪ್ಪತ್ತೇಳು ವರ್ಷ ಹಾರ್ತು. ಆದ್ರೂ ಯಾಕ್ ಬೆಳೀಲಿಲ್ಲ ಗೊತ್ತಾ?" ಎಂದು ಅವರು ಡಬ್ಬಿ ಹಿಡಿದುಕೊಂಡೇ ನೆರೆಯವರನ್ನು ಕೇಳಿದರು. "ಸದ್ದು! ಶಬ್ದದ ವೇಗ ದಾಟಿತು ಅಂದ್ರೆ ಕೆಳಗಡೆ ಢಮಾರ್ ಅಂತ ಸಿಡಿಲು. ನೆಲದ ಮೇಲೆ ಆ ವೇಗದಲ್ಲಿ ಯಾರೂ ಬಿಡ್ಲಿಲ್ಲ. ಸಮುದ್ರದ ಮೇಲೇ ಹಾರ್ಕೊಂಡಿರ್ಬೇಕಾಯ್ತು. ಈಗ ನೋಡಿ, ನನ್ನ ಮಗಳು ಆ ಸಿಡಿಲಿನ ಹಲ್ಲೇ ಕಿತ್ತವ್ಳೆ."

ಹಲ್ಲು ಕಿತ್ತವರು ನೂರಾರು ಜನ, ನೀಲಾಂಬಿಕೆ ಅವರಲ್ಲೊಬ್ಬಳು. ಉಪಾಯವೇನೋ ಸರಳವಾದದ್ದೇ. ಹಳೆಯ ವಿಮಾನದ ಮೂತಿಯಿಂದ, ರೆಕ್ಕೆಯಿಂದ, ಬಾಲದಿಂದ ಏಳುವ ಒತ್ತಡದ ಅಲೆಗಳು ಕೆಳಗಿಳಿಯುವಾಗ ಒಂದಕ್ಕೊಂದು ಕೂಡಿಕೊಂಡು ಒಂದೇ ಏಟಾಗಿ ನೆಲಕ್ಕೆ ಬಡಿಯುತ್ತಿದ್ದವು. ಹೊಸ ವಿಮಾನಕ್ಕೆ ಕೊಕ್ಕರೆಯ ಕೊಕ್ಕಿನಂಥ ಉದ್ದ ಮೂತಿ ಕೊಟ್ಟು, ಮೈಯ ಉಬ್ಬುತಗ್ಗುಗಳನ್ನು ಸವರಿ, ಅಲೆಗಳು ಕೂಡಿಕೊಳ್ಳದಂತೆ ಮಾಡಿದ್ದರು. ನೆಲದ ಮೇಲಿರುವವರಿಗೆ ಕೇಳುವುದು ಪಕ್ಕದ ಮನೆಯವರು ಕಾರಿನ ಬಾಗಿಲು ಹಾಕಿದಂಥ ಒಂದು 'ಧಪ್' ಅಷ್ಟೇ. ಅದನ್ನು ನಂಬಿ ಸರ್ಕಾರ ನೆಲದ ಮೇಲೂ ಹಾರಲು ಒಪ್ಪಿಗೆ ಕೊಟ್ಟಿತು. ಷರತ್ತು ಒಂದೇ: ದಾರಿಯುದ್ದಕ್ಕೂ ಅಳೆದ ಸದ್ದಿನ ಸರಾಸರಿ ಎಪ್ಪತ್ತೈದು ಡೆಸಿಬೆಲ್ ಮೀರಬಾರದು.

ಬೆಳಿಗ್ಗೆ ಹತ್ತೂಕಾಲಕ್ಕೆ ಬೆಂಗಳೂರು ಬಿಟ್ಟರೆ ನಾಲ್ಕೂವರೆ ಗಂಟೆಯಲ್ಲಿ ಲಂಡನ್ನು. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ಆಗ ಒಂಬತ್ತೂಕಾಲು ತೋರಿಸುತ್ತಿತ್ತು. 'ಹೊರಡುವ ಒಂದು ಗಂಟೆ ಮೊದಲೇ ತಲುಪಿ!' ಎಂಬ ಜಾಹೀರಾತು ಬಸ್ಸುಗಳ ಬೆನ್ನ ಮೇಲೆಲ್ಲ ಓಡಾಡಿತು. ಕಂಪನಿಯ ಇನ್ನೊಂದು ಹೆಮ್ಮೆ ಸಮಯಪಾಲನೆ. ಎರಡು ವರ್ಷ ಆ ವಿಮಾನ ಒಂದು ನಿಮಿಷ ಹಿಂದೆಮುಂದೆ ಆಗಲಿಲ್ಲ.

ನೀಲಾಂಬಿಕೆಯ ಕೆಲಸ ನಿಯಂತ್ರಣ ಕೊಠಡಿಯ ಎಡಮೂಲೆಯ ಮೇಜಿನಲ್ಲಿ. ದಾರಿಯುದ್ದಕ್ಕೂ ಏಳು ಕಡೆ ನೆಟ್ಟ ಶಬ್ದಮಾಪಕಗಳು ಕಳಿಸುವ ಅಂಕಿಗಳನ್ನು ತಿಂಗಳಿಗೊಮ್ಮೆ ವರದಿ ಮಾಡಿ ಸಹಿ ಹಾಕುವುದು. ಎಪ್ಪತ್ತೊಂದು, ಎಪ್ಪತ್ತೆರಡು, ಎಪ್ಪತ್ತಮೂರು, ಹೀಗೆ ಬರುತ್ತಿದ್ದವು. ನಾಲ್ಕನೆಯ ಮಾಪಕದ ಮುಂದೆ ಮಾತ್ರ ಪ್ರತಿ ತಿಂಗಳೂ 'ಯಂತ್ರದೋಷ' ಎಂದಿರುತ್ತಿತ್ತು. ಅದು ಗದಗಿನಿಂದ ಆಚೆ ಕಲ್ಲಗೋನಾಳ ಎಂಬ ಊರಿನ ಪಂಚಾಯಿತಿ ಮಾಳಿಗೆಯ ಮೇಲಿತ್ತು. ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಹಾಗೆ ಬರೆದಿದ್ದರು. ಇವಳೂ ಬರೆಯುತ್ತ ಹೋದಳು. ಒಂದು ದಿನ ಕುತೂಹಲಕ್ಕೆ ಕಚ್ಚಾ ಅಂಕಿ ತೆರೆದು ನೋಡಿದಳು. ನೂರ ಮೂರು. ಮರುದಿನವೂ ನೂರ ಮೂರು, ಅದರ ಮರುದಿನ ನೂರ ನಾಲ್ಕು. ಕೆಟ್ಟ ಯಂತ್ರ ಇಷ್ಟು ಶಿಸ್ತಾಗಿ ಕೆಡುವುದಿಲ್ಲ ಎಂದುಕೊಂಡವಳು ಡಿಸೆಂಬರಿನ ಒಂದು ಸೋಮವಾರ ಹೊಸ ಮಾಪಕವೊಂದನ್ನು ಚೀಲದಲ್ಲಿಟ್ಟುಕೊಂಡು ತಾನೇ ಅಲ್ಲಿಗೆ ಹೋದಳು.

ಪಂಚಾಯಿತಿ ಕಟ್ಟೆಯ ಎದುರು ಸಾಲಾಗಿ ಅಂಗಡಿಗಳು. ಪಕ್ಕದ ಮನೆಯ ಪಡಸಾಲೆಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬಳು ಹಳೇ ಸೀರೆಗಳನ್ನು ಹಾಸಿಕೊಂಡು ಕೌದಿ ಹೊಲಿಯುತ್ತಿದ್ದಳು. ಹೆಸರು ಗಂಗವ್ವ. ಸೂಜಿಯನ್ನು ಮೂಗಿನ ತುದಿಗೇ ತಂದುಕೊಂಡು ದಾರ ಪೋಣಿಸಲು ಹೆಣಗುತ್ತಿದ್ದುದನ್ನು ಕಂಡು ನೀಲಾಂಬಿಕೆ ತಾನೇ ಪೋಣಿಸಿ ಕೊಟ್ಟಳು.

"ಎರಡೂ ಕಣ್ಣಿಗೆ ಪೊರೆ ಬಂದೈತಿ ಯವ್ವಾ. ಸಲೋಮಿ ಡಾಕ್ಟರು ಜನವರ್ಯಾಗ ಒಂದು ಕಣ್ಣ ಮಾಡಿಕೊಡ್ತೀನಿ ಅಂದಾರ," ಎಂದಳು ಗಂಗವ್ವ. ಮರುಗಳಿಗೆಯೇ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡಳು.

"ಯಾಕೆ ನಿಲ್ಲಿಸಿದಿರಿ?"

"ಹತ್ತು ನಲವತ್ತಾರು ಆಗಾಕ ಬಂತಲ್ಲ. ಕೂಡು, ನೀನೂ ಗ್ವಾಡಿಗೆ ಬೆನ್ನ ಹಚ್ಚಿ ಕೂಡು."

ನೀಲಾಂಬಿಕೆ ಮಾಪಕವನ್ನು ಚೀಲದಿಂದ ತೆಗೆದು ಹಿಡಿದು ಬೀದಿಯತ್ತ ನೋಡಿದಳು. ಎದುರಿನ ಹಜಾಮರ ಅಂಗಡಿಯಲ್ಲಿ ಅರ್ಧ ಗಡ್ಡ ಹೆರೆದಿದ್ದ ಕತ್ತಿ ಗಿರಾಕಿಯ ಗಲ್ಲದಿಂದ ಮೇಲೆದ್ದು ಗಾಳಿಯಲ್ಲಿ ನಿಂತಿತ್ತು. ಚಹಾದವನು ಕುದಿಯುವ ಪಾತ್ರೆಯನ್ನು ಒಲೆಯಿಂದ ಇಳಿಸಿ ಹಿಂದೆ ಸರಿದಿದ್ದ. ಶಾಲೆಯಿಂದ ಬರುತ್ತಿದ್ದ ಮಗ್ಗಿಯ ಸದ್ದು ತಟ್ಟನೆ ನಿಂತಿತು. ಯಾರ ಮುಖದಲ್ಲೂ ಗಾಬರಿಯಿಲ್ಲ. ಅದೇ ಅವಳಿಗೆ ಹೆಚ್ಚು ಗಾಬರಿ ಹುಟ್ಟಿಸಿತು.

ಆಮೇಲೆ ಆಕಾಶ ಒಡೆಯಿತು. ಅದನ್ನು ಅವಳು ಕಿವಿಯಿಂದ ಕೇಳಲಿಲ್ಲ. ಎದೆಗೂಡಿಗೆ ಯಾರೋ ಹಲಗೆಯಿಂದ ಬಾರಿಸಿದಂತಾಯಿತು. ತಗಡುಗಳು ಅದುರಿದವು, ನಾಯಿಗಳು ಕೂಗಿದವು, ಎಲ್ಲೋ ಎಳೆಗೂಸೊಂದು ಚೀರಿತು. ಅರೆಗಳಿಗೆಯಲ್ಲಿ ಎಲ್ಲ ಮುಗಿದು, ಕತ್ತಿ ಗಲ್ಲಕ್ಕಿಳಿಯಿತು, ಮಗ್ಗಿ ಮುಂದುವರಿಯಿತು, ಗಂಗವ್ವ ಸೂಜಿ ಎತ್ತಿಕೊಂಡಳು. ಕೈಯಲ್ಲಿದ್ದ ಹೊಸ ಮಾಪಕ ನೂರ ಮೂರು ತೋರಿಸುತ್ತಿತ್ತು. ಎಪ್ಪತ್ತೈದಕ್ಕೂ ನೂರ ಮೂರಕ್ಕೂ ಕಾಗದದ ಮೇಲೆ ಇಪ್ಪತ್ತೆಂಟರ ವ್ಯತ್ಯಾಸ. ಕಿವಿಗೆ ಅದು ಏಳು ಪಟ್ಟು.

ಕಾರಣ ಅವಳಿಗೆ ಅಲ್ಲೇ ಹೊಳೆಯಿತು. ಸಮವೇಗದಲ್ಲಿ ಹೋಗುವಾಗ ಅಲೆಗಳು ಬೇರೆಬೇರೆಯಾಗಿ ಇಳಿಯುತ್ತವೆ, ನಿಜ. ಆದರೆ ಶಬ್ದದ ವೇಗವನ್ನು ದಾಟಿ ವಿಮಾನ ಇನ್ನೂ ವೇಗ ಏರಿಸಿಕೊಳ್ಳುವಾಗ ತಡವಾಗಿ ಹೊರಟ ಅಲೆಗಳು ಮೊದಲು ಹೊರಟವನ್ನು ಹಿಡಿದುಬಿಡುತ್ತವೆ. ಎಲ್ಲವೂ ಒಂದೇ ಗಳಿಗೆಯಲ್ಲಿ ಒಂದೇ ಕಿರಿದಾದ ಪಟ್ಟಿಯ ಮೇಲೆ ಬಂದು ಬೀಳುತ್ತವೆ. ಮೂತಿ ಎಷ್ಟೇ ಉದ್ದವಿದ್ದರೂ ಆ ಪಟ್ಟಿಯನ್ನು ತಪ್ಪಿಸಲಾಗುವುದಿಲ್ಲ. ಎಲ್ಲಿ ಬೀಳಿಸಬೇಕು ಎಂಬುದನ್ನು ಮಾತ್ರ ಆರಿಸಬಹುದು. ಯಾರೋ ಕಲ್ಲಗೋನಾಳವನ್ನು ಆರಿಸಿದ್ದರು.

"ಬರೆದುಕೊಡಲಿಲ್ಲವೇ ನೀವು? ದೂರು?" ಎಂದು ಕೇಳಿದಳು.

"ಕೊಟ್ಟೇವಿ. ನಿಮ್ಮ ಊರಾಗಿನ ಯಂತ್ರ ಕೆಟ್ಟೈತಿ, ಸದ್ದು ಅಷ್ಟ ಇಲ್ಲ ಅಂತ ಕಾಗದ ಬಂತು," ಎಂದಳು ಗಂಗವ್ವ. ಆ ಕಾಗದದ ಕೆಳಗೆ ಯಾರ ಸಹಿ ಇದ್ದಿರಬೇಕೆಂದು ನೀಲಾಂಬಿಕೆಗೆ ಗೊತ್ತಿತ್ತು.

ಊರ ಕೊನೆಯ ಹತ್ತು ಹಾಸಿಗೆಯ ಕಣ್ಣಿನ ಆಸ್ಪತ್ರೆಗೂ ಹೋದಳು. ಡಾಕ್ಟರ್ ಸಲೋಮಿ ಗೋಡೆಯ ಮೇಲಿನ ಪಟ್ಟಿ ತೋರಿಸಿದರು. "ಹತ್ತೂ ನಲವತ್ತರಿಂದ ಐವತ್ತರವರೆಗೆ ಯಾವ ಆಪರೇಷನ್ನಿಗೂ ಕೈ ಹಾಕೋದಿಲ್ಲ. ರೋಗಿಯ ಕಣ್ಣು ಮುಚ್ಚಿಟ್ಟು ಕಾಯ್ತೇವೆ. ನಿಮ್ಮ ವಿಮಾನ ಟೈಮಿಗೆ ಸರಿಯಾಗಿ ಬರುತ್ತೆ ಅನ್ನೋದೊಂದೇ ನಮ್ಮ ಪುಣ್ಯ. ಸಮಯ ಬದಲಾದ್ರೆ ದಯವಿಟ್ಟು ಒಂದು ಮಾತು ತಿಳಿಸಿ. ಇದಕ್ಕಿಂತ ಹೆಚ್ಚು ಏನನ್ನೂ ಕೇಳೋ ಧೈರ್ಯ ನನಗಿಲ್ಲ."

"ತಿಳಿಸ್ತೀನಿ," ಎಂದಳು ನೀಲಾಂಬಿಕೆ. "ನಾನು ಮಾತು ಕೊಡ್ತೀನಿ."

ಬೆಂಗಳೂರಿಗೆ ಮರಳಿದವಳು ವಿಭಾಗದ ಮುಖ್ಯಸ್ಥ ಅನಿರುದ್ಧ ಬಾಳಿಗಾನ ಎದುರು ಅಂಕಿಗಳನ್ನಿಟ್ಟಳು. "ಯಂತ್ರ ಕೆಟ್ಟಿಲ್ಲ ಸರ್. ಅದನ್ನ ಸೇರಿಸಿದ್ರೆ ಸರಾಸರಿ ಎಪ್ಪತ್ತಾರು ದಾಟುತ್ತೆ. ಪಶ್ಚಿಮಕ್ಕೆ ಹೋಗಿ ಸಮುದ್ರದ ಮೇಲೆ ವೇಗ ಏರಿಸಿದ್ರೆ ಯಾರ ತಲೆ ಮೇಲೂ ಬೀಳೋದಿಲ್ಲ. ಹದಿನೆಂಟು ನಿಮಿಷ ಹೆಚ್ಚಾಗುತ್ತೆ, ಅಷ್ಟೇ."

"ಅಷ್ಟೇನಾ?" ಬಾಳಿಗಾ ನಕ್ಕ. "ಒಂದು ಗಂಟೆ ಮೊದಲೇ ತಲುಪಿ ಅನ್ನೋದನ್ನ ನಲವತ್ತೆರಡು ನಿಮಿಷ ಮೊದಲೇ ತಲುಪಿ ಅಂತ ಮಾಡ್ಬೇಕಾ? ಹಾಗಂತ ಯಾರಾದ್ರೂ ಬಸ್ಸಿನ ಹಿಂದೆ ಬರೀತಾರಾ ನೀಲಾ? ನಾಲ್ಕನೇ ಮಾಪಕ ಸೇರಿಸೋಣ, ಬೇಡ ಅನ್ನಲ್ಲ. ಅದರ ಜೊತೆ ಇನ್ನೂ ಐದು ನೆಡೋಣ."

ಐದು ಹೊಸ ಮಾಪಕಗಳನ್ನು ನೆಟ್ಟರು. ಎರಡು ಕಾಡಿನೊಳಗೆ, ಒಂದು ಜಲಾಶಯದ ದಡದಲ್ಲಿ, ಎರಡು ಸದ್ದಿನ ಹಾದಿಯ ಅಂಚಿನ ಬೋಳುಗುಡ್ಡದ ಮೇಲೆ. ಎಲ್ಲವೂ ಎಪ್ಪತ್ತರ ಆಸುಪಾಸು. ಹನ್ನೆರಡನ್ನೂ ಕೂಡಿ ಭಾಗಿಸಿದರೆ ಎಪ್ಪತ್ತನಾಲ್ಕು ಚಿಲ್ಲರೆ. ಯಾರೂ ವಾಸಿಸದ ಗುಡ್ಡದ ಮೌನವನ್ನು ತಂದು ಕಲ್ಲಗೋನಾಳದ ಸಿಡಿಲಿಗೆ ಬೆರೆಸಿ, ಕಾನೂನು ಒಪ್ಪುವ ಅಂಕಿಯೊಂದನ್ನು ಹದ ಮಾಡಿದ್ದರು. ವರದಿ ನೀಲಾಂಬಿಕೆಯ ಮೇಜಿಗೆ ಬಂತು. ಅವಳು ಎರಡು ದಿನ ಅದನ್ನು ಹಾಗೇ ಇಟ್ಟಳು. ಮೂರನೆಯ ದಿನ, ಸಮಯ ಬದಲಾದರೆ ಊರಿಗೆ ತಿಳಿಸುವುದಾಗಿ ಬಾಳಿಗಾನಿಂದ ಬಾಯಿಮಾತು ಪಡೆದುಕೊಂಡು, ಸಹಿ ಹಾಕಿದಳು.

ಮನೆಯಲ್ಲಿ ಅವತ್ತು ಅವಳಿಗೆ ಅನ್ನ ಸೇರಲಿಲ್ಲ. ಪುಟ್ಟಮಾದಪ್ಪನವರು ಕಾರಣ ಕೇಳಿದರು. ಹೇಳಿದಳು. ಮುದುಕರು ತಟ್ಟೆಯ ಅಂಚು ಸವರಿದರು.

"ಸಾವಿರದ ಒಂಬೈನೂರ ಅರವತ್ನಾಲ್ಕರಲ್ಲಿ ಅಮೆರಿಕದವರು ಒಂದು ಊರಿನ ಮೇಲೆ ಆರು ತಿಂಗಳು ದಿನಕ್ಕೆ ಎಂಟು ಸಲ ಹೀಗೇ ಸಿಡಿಲು ಬೀಳಿಸಿ ಪರೀಕ್ಷೆ ಮಾಡಿದ್ರು. ಜನ ಒಗ್ಗಿಕೋತಾರಾ ನೋಡೋಣ ಅಂತ," ಎಂದರು. "ಅದನ್ನ ಓದಿದಾಗ ನನಗೆ ವಿಮಾನದ ಮೇಲೆ ಮಾತ್ರ ಗ್ಯಾನ ಇತ್ತು ಕಣವ್ವ. ಆ ಜನ ಯಾರು ಅಂತ ಒಂದ್ಸಲಾನೂ ಕೇಳ್ಕೊಳ್ಳಿಲ್ಲ."

ಜನವರಿ ಹತ್ತೊಂಬತ್ತರಂದು ನೀಲಾಂಬಿಕೆ ಪರವಾನಗಿ ನವೀಕರಣದ ಸಭೆ ಮುಗಿಸಿಕೊಂಡು ನಿಯಂತ್ರಣ ಕೊಠಡಿಗೆ ಬಂದಾಗ ಹತ್ತೂ ಇಪ್ಪತ್ತೈದು. ವಿಮಾನ ಏರುತ್ತಿರಬೇಕು ಎಂದುಕೊಂಡು ದೊಡ್ಡ ಪರದೆಯತ್ತ ಕಣ್ಣು ಹಾಯಿಸಿದಳು. ಹಸಿರು ಚುಕ್ಕಿ ಆಗಲೇ ತುಂಗಭದ್ರೆಯನ್ನು ದಾಟುವುದರಲ್ಲಿತ್ತು.

"ಇದೇನು? ಇಷ್ಟು ಮುಂದೆ ಹೇಗೆ?"

"ಹತ್ತು ಗಂಟೆ ಒಂದು ನಿಮಿಷಕ್ಕೇ ಬಿಟ್ವಿ ಮೇಡಂ," ಎಂದ ಪಾಳಿಯ ಅಧಿಕಾರಿ. "ಯಾವುದೋ ವ್ಯಾಪಾರ ನಿಯೋಗ. ಅಲ್ಲಿ ಬೆಳಗಿನ ಔತಣಕ್ಕೆ ತಡ ಆಗುತ್ತಂತೆ, ಸ್ವಲ್ಪ ಬೇಗ ಬಿಡಿ ಅಂದ್ರು."

"ಕಲ್ಲಗೋನಾಳಕ್ಕೆ ಹೇಳಿದ್ರಾ?"

ಅವನು ಆ ಹೆಸರು ಕೇಳಿಯೇ ಇರಲಿಲ್ಲ. ಅವಳು ಆಸ್ಪತ್ರೆಗೆ ಫೋನು ಹಚ್ಚಿದಳು. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ಡಾಕ್ಟರರ ಮೊಬೈಲು ಆಫಾಗಿತ್ತು. ಪಂಚಾಯಿತಿಯ ನಂಬರು ಕಾರ್ಯನಿರತ. ಗಡಿಯಾರ ಹತ್ತೂ ಇಪ್ಪತ್ತೊಂಬತ್ತು.

"ಪೈಲಟ್ಟಿಗೆ ಹೇಳಿ," ಎಂದು ಅವಳು ಪಾಳಿಯವನ ತೋಳು ಹಿಡಿದಳು. "ಈಗಲೇ ವೇಗ ಏರಿಸಬೇಡಿ ಅಂತ. ಐದೇ ನಿಮಿಷ ಹೀಗೇ ಹೋಗಲಿ. ಊರು ದಾಟಿ ಏರಿಸಲಿ."

ಪಾಳಿಯವನು ಮೈಕಿಗೆ ಕೈ ಹಾಕಿ ಬಾಳಿಗಾನ ಮುಖ ನೋಡಿದ. ಬಾಳಿಗಾ ಗಾಜಿನ ಬಾಗಿಲ ಬಳಿ ಕಾಫಿ ಹಿಡಿದು ನಿಂತಿದ್ದ. ಒಮ್ಮೆ ಪರದೆ ನೋಡಿದ, ಒಮ್ಮೆ ಅವಳನ್ನು ನೋಡಿದ, ತಲೆಯನ್ನು ಅಡ್ಡಡ್ಡ ಆಡಿಸಿದ. ಪಾಳಿಯವನ ಕೈ ಮೈಕಿನಿಂದ ಹಿಂದೆ ಸರಿಯಿತು.

ಹತ್ತೂ ಮೂವತ್ತೆರಡಕ್ಕೆ ನಾಲ್ಕನೆಯ ಮಾಪಕ ನೂರ ನಾಲ್ಕು ತೋರಿಸಿತು.

ಹನ್ನೊಂದೂವರೆಗೆ ಡಾಕ್ಟರ್ ಸಲೋಮಿಯ ಫೋನು ಬಂತು. ಧ್ವನಿಯಲ್ಲಿ ಅಳುವಿರಲಿಲ್ಲ, ಬೈಗುಳವೂ ಇರಲಿಲ್ಲ. "ಗಂಗವ್ವ ಮೇಜಿನ ಮೇಲಿದ್ರು. ಉಪಕರಣ ಕಣ್ಣಿನ ಒಳಗಿತ್ತು. ಆಕೆ ಬೆಚ್ಚಿದ್ರು. ನನ್ನ ಕೈಯೂ ಅಲುಗಿತು, ಅದನ್ನ ಮುಚ್ಚಿಡೋದಿಲ್ಲ. ಕಣ್ಣು ಹೋಯ್ತು, ನೀಲಾಂಬಿಕೆಯವರೇ. ನೀವು ತಿಳಿಸ್ತೀನಿ ಅಂದಿದ್ರಿ."

ನೀಲಾಂಬಿಕೆ ಫೋನಿಟ್ಟು ಎರಡು ವರ್ಷದ ಕಚ್ಚಾ ಅಂಕಿಗಳನ್ನೆಲ್ಲ ನಕಲು ತೆಗೆದಳು. ಕದ್ದುಮುಚ್ಚಿ ಅಲ್ಲ, ಎಲ್ಲರೆದುರಿಗೇ. ಆಮೇಲೆ ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು ಬಾಳಿಗಾನ ಕಾಫಿ ಲೋಟದ ಪಕ್ಕ ಇಟ್ಟಳು.

"ಅದು ಯಾರೋ ಡಾಕ್ಟರ ಕೈತಪ್ಪು ನೀಲಾ," ಎಂದ ಅವನು. "ನಿನ್ನ ಭವಿಷ್ಯ ಯಾಕೆ ಹಾಳು ಮಾಡ್ಕೋತೀಯ?"

"ಆ ಕೈ ಎಷ್ಟು ಹೊತ್ತಿಗೆ ನಿಲ್ಲಬೇಕು ಅಂತ ನಮ್ಮ ವೇಳಾಪಟ್ಟಿ ನೋಡ್ಕೊಂಡು ಕಲಿತಿತ್ತು. ನೀವು ಒಂದು ಊಟಕ್ಕೋಸ್ಕರ ಆ ಪಟ್ಟಿ ಬದಲಾಯಿಸಿದ್ರಿ. ಬೇಡ ಅನ್ನೋಕೆ ಮೂರು ನಿಮಿಷ ಇತ್ತು. ನೀವು ತಲೆ ಆಡಿಸಿದ್ರಿ. ನಾನು ನೋಡಿದೀನಿ."

ಮಾರ್ಚಿನಲ್ಲಿ, ಪರವಾನಗಿ ನವೀಕರಿಸುವ ಮೊದಲು, ಸರ್ಕಾರದ ವಿಚಾರಣೆ ನಡೆಯಿತು. ನೀಲಾಂಬಿಕೆ ಎಲ್ಲವನ್ನೂ ಹೇಳಿದಳು: ಸುಳ್ಳು 'ಯಂತ್ರದೋಷ', ಬೋಳುಗುಡ್ಡದ ಮಾಪಕಗಳು, ಅವೆರಡರ ಕೆಳಗೂ ಇದ್ದ ತನ್ನದೇ ಸಹಿ. ಕಂಪನಿಯ ವಕೀಲ ಅವಳನ್ನು ಗದರಿಸಲಿಲ್ಲ, ಕರುಣೆಯಿಂದ ನೋಡಿದ. ಸರಾಸರಿ ಕಾನೂನಿನ ಮಿತಿಯೊಳಗಿದೆಯೇ ಇಲ್ಲವೇ, ಅಷ್ಟು ಹೇಳಿ ಎಂದ. ಇದೆ ಎನ್ನಲೇಬೇಕಾಯಿತು. ಕೊನೆಯಲ್ಲಿ ಆತ, ಕಂಪನಿ ಸದ್ಭಾವನೆಯಿಂದ ಗಂಗವ್ವನಿಗೂ ಅವಳ ಕುಟುಂಬದ ಒಬ್ಬರಿಗೂ ಲಂಡನ್ನಿಗೆ ಹೋಗಿಬರುವ ಟಿಕೆಟ್ಟು ಕೊಡಲು ಸಿದ್ಧವಿದೆ ಎಂದು ಸಾರಿದ.

ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದ ಗಂಗವ್ವ ಮೆಲ್ಲಗೆ ಎದ್ದಳು. "ಅಲ್ಲಿ ನನ್ನ ಕಣ್ಣೈತೇನ್ರಿ?" ಎಂದು ಕೇಳಿದಳು. ವ್ಯಂಗ್ಯಕ್ಕಲ್ಲ, ಅಲ್ಲಿ ಒಳ್ಳೆಯ ಆಸ್ಪತ್ರೆಯೇನಾದರೂ ಇರಬಹುದೆಂದು ನಿಜವಾಗಿಯೇ ಕೇಳಿದ್ದಳು. ವಕೀಲ ತನ್ನ ಕನ್ನಡಕ ತೆಗೆದ. ಕಾಗದ ಮಡಚಿಕೊಂಡ.

ಪರವಾನಗಿ ಐದು ವರ್ಷಕ್ಕೆ ನವೀಕರಣವಾಯಿತು. ಮಾಪಕಗಳನ್ನು ಸುಸ್ಥಿತಿಯಲ್ಲಿಡತಕ್ಕದ್ದು ಎಂದು ಒಂದು ಸಾಲಿನ ಷರತ್ತು ಹಾಕಿದ್ದರು.

ಆದರೆ ಶರವೇಗ ಐದು ವರ್ಷ ಹಾರಲಿಲ್ಲ. ಮೊದಲೆರಡು ವರ್ಷ ಮುಗಿಬಿದ್ದವರಿಗೆ ಬೇಸರ ಹಿಡಿಯಿತು. ಒಂದು ಗಂಟೆ ಮೊದಲೇ ತಲುಪಿದವರು ಲಂಡನ್ನಿನ ಹೋಟೆಲಿನ ಅಂಗಳದಲ್ಲಿ ಕೋಣೆ ಖಾಲಿಯಾಗುವುದನ್ನು ಕಾಯುತ್ತ ಕೂರಬೇಕಾಗುತ್ತಿತ್ತು. ಇಕ್ಕಟ್ಟಿನ ಸೀಟು, ಅಂಗೈಯಗಲದ ಕಿಟಕಿ. ನಿಧಾನದ ವಿಮಾನದಲ್ಲಿ ಕಾಲು ಚಾಚಿ ಮಲಗಿ ಹೋಗುವುದೇ ವಾಸಿ ಎಂದರು. ಎಂಜಿನ್ನು ಕುಡಿಯುವ ಇಂಧನ ಮಾತ್ರ ಕಡಿಮೆಯಾಗಲಿಲ್ಲ. ದಿನವೂ ಇದ್ದ ಹಾರಾಟ ವಾರಕ್ಕೆ ಮೂರಾಯಿತು, ಒಂದಾಯಿತು. ವಿಚಾರಣೆ ಮುಗಿದ ಹದಿನಾಲ್ಕನೆಯ ತಿಂಗಳಿಗೆ ಕೊನೆಯ ವಿಮಾನ ಇಳಿಯಿತು.

ಆ ದಿನ ಟೀವಿಯ ತುಂಬ ಅದೇ. ನಿಲ್ದಾಣದಲ್ಲಿ ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ವಿಮಾನದ ಮೇಲೆ ನೀರಿನ ಕಮಾನು, ಬಾಳಿಗಾನ ಗದ್ಗದ ಭಾಷಣ. ನಿರೂಪಕಿ ಹೇಳಿದಳು: "ಒಬ್ಬರೇ ಒಬ್ಬರಿಗೂ ಗಾಯ ಮಾಡದೆ ಹಾರಿದ ಕನಸು ಇಂದು ನೆಲಕ್ಕಿಳಿದಿದೆ."

ಪುಟ್ಟಮಾದಪ್ಪನವರು ಕುರ್ಚಿಯಿಂದೆದ್ದರು. ಎಂಬತ್ತರ ಹತ್ತಿರದ ಆ ಮನುಷ್ಯ ಅಷ್ಟು ಜೋರಾಗಿ ಮಾತಾಡಿದ್ದನ್ನು ಮಗಳು ಕೇಳಿರಲಿಲ್ಲ. "ಸುಳ್ಳಿ! ಸುಳ್ಳು ಬೊಗಳ್ತಾವ್ಳೆ! ಆಫ್ ಮಾಡು ಅದನ್ನ!" ಎಂದರು. ಆಮೇಲೆ ಉಸಿರು ಸುಧಾರಿಸಿಕೊಂಡು, "ಆ ಹೆಣ್ಮಗಳಿಗೆ ಯಾರಾದ್ರೂ ಹೇಳಿದಾರಾ, ನಿಂತೋಯ್ತು ಅಂತ? ಹೋಗಿ ಹೇಳವ್ವ. ಫೋನಲ್ಲಿ ಬೇಡ. ನಾನೂ ಬತ್ತೀನಿ," ಎಂದರು.

ಮರುದಿನ ಮಧ್ಯಾಹ್ನ ಇಬ್ಬರೂ ಕಲ್ಲಗೋನಾಳದಲ್ಲಿ ಬಸ್ಸಿಳಿದರು. ಗಂಗವ್ವ ಮೊದಲಿನ ಪಡಸಾಲೆಯಲ್ಲೇ ಇದ್ದಳು. ಕೌದಿ ಇರಲಿಲ್ಲ. ಉಳಿದ ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳಲು ಅವಳು ಒಪ್ಪಿರಲಿಲ್ಲ. ಕಡಲೆಕಾಯಿ ಸುಲಿಯುತ್ತಿದ್ದಳು, ಅದಕ್ಕೆ ಬೆರಳಿದ್ದರೆ ಸಾಕು. ಪುಟ್ಟಮಾದಪ್ಪನವರು ಕೈಮುಗಿದು ಗೋಡೆಗೊರಗಿ ಕೂತರು. ನೀಲಾಂಬಿಕೆ ಸುದ್ದಿ ಹೇಳಿದಳು. ಇನ್ನು ಆ ವಿಮಾನ ಬರುವುದಿಲ್ಲ.

ಗಂಗವ್ವನ ಕೈ ನಿಂತಿತು. "ಖರೇನ? ನಮ್ಮ ಸಲುವಾಗಿ ನಿಲ್ಲಿಸ್ಯಾರೇನ ಯವ್ವಾ? ನನ್ನ ಕಣ್ಣಿನ ಸಲುವಾಗಿ?"

ಹೌದು ಎಂದುಬಿಡಬಹುದಿತ್ತು. ಆ ಮುಖದಲ್ಲಿ ಮೂಡಿದ್ದ ಬೆಳಕನ್ನು ನೋಡಿದರೆ ಯಾರಿಗಾದರೂ ಹಾಗೆ ಅನ್ನಬೇಕೆನಿಸುತ್ತಿತ್ತು.

"ಇಲ್ಲ, ಗಂಗವ್ವ. ಸೀಟು ತುಂಬಲಿಲ್ಲ ಅಂತ ನಿಲ್ಲಿಸಿದ್ರು. ನಿಮ್ಮ ಹೆಸರನ್ನ ಯಾರೂ ಎತ್ತಲಿಲ್ಲ."

ಬೆಳಕು ಆರಿತು. ಗಂಗವ್ವ ಮಡಿಲಲ್ಲಿದ್ದ ಸಿಪ್ಪೆಯನ್ನೆಲ್ಲ ಒಮ್ಮೆಗೇ ಕೊಡವಿ ಎದ್ದು ನಿಂತಳು. ವಿಚಾರಣೆಯ ದಿನ ಮೆಲ್ಲಗೆ ಮಾತಾಡಿದ ಹೆಂಗಸು ಇವಳೇ ಎಂದರೆ ನಂಬುವಂತಿರಲಿಲ್ಲ.

"ಸೀಟು ತುಂಬಲಿಲ್ಲ ಅಂತ!" ಬೀದಿಯವರು ತಿರುಗಿ ನೋಡುವಂತೆ ಕೂಗಿದಳು. "ಹಂಗಾದ್ರ ನಾಳೆ ಸೀಟು ತುಂಬೂ ಹಂಗ ಆದ್ರ ಮತ್ತ ಬರ್ತೈತಿ. ಬ್ಯಾರೆ ಹೆಸರಿಟಗೊಂಡು ಬರ್ತೈತಿ. ಪರವಾನಿಗಿ ಅಂತೂ ಹಂಗ ಐತಲ್ಲ?"

"ಇದೆ. ಇನ್ನೂ ನಾಲ್ಕು ವರ್ಷದ ಹತ್ತಿರ."

"ಮತ್ತ ಸುಮ್ಮನ ಯಾಕ ಕುಂತೀರಿ? ಏ ಸಲೀಮಾ, ಕತ್ತಿ ಇಟ್ಟು ಬಾರೋ! ಸಾಲಿ ಮಾಸ್ತರನ ಕರೀರಿ, ಸಲೋಮಿ ಡಾಕ್ಟರನ ಕರೀರಿ. ಸರಾಸರಿ ಗಿರಾಸರಿ ನಮಗ ಬ್ಯಾಡ. ಯಾವ ಊರಿನ ಮ್ಯಾಗೂ, ಒಂದ ಮನಿ ಇದ್ರೂ ಆ ಮನಿ ಮ್ಯಾಗೂ, ಅದು ಬೀಳಬಾರದು. ಹಂಗ ಕಾನೂನು ಆಗಬೇಕು. ನಿನಗ ಆ ಲೆಕ್ಕ ಎಲ್ಲಾ ಗೊತ್ತೈತಿ. ಬರಿ."

ಹಜಾಮರ ಸಲೀಮ ಕೈಯೊರೆಸಿಕೊಳ್ಳುತ್ತ ಬಂದ. ಚಹಾದವನೂ ಬಂದ. ಪುಟ್ಟಮಾದಪ್ಪನವರು ಜುಬ್ಬದ ಜೇಬಿನಿಂದ ಪೆನ್ನು ತೆಗೆದು ಮಗಳಿಗೆ ಕೊಟ್ಟರು. ನೀಲಾಂಬಿಕೆ ಚೀಲದಿಂದ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಮೊದಲು ಏನಂತ ಬರೀಲಿ? ಕಣ್ಣಿನ ವಿಷಯ?"

"ಕಣ್ಣು ಆಮ್ಯಾಲ," ಎಂದಳು ಗಂಗವ್ವ, ಅವಳೆದುರು ಕುಕ್ಕರಗಾಲಲ್ಲಿ ಕೂರುತ್ತ. "ಮೊದಲ ಊರಿನ ಹೆಸರು ಬರಿ. ದೊಡ್ಡದಾಗಿ ಬರಿ."